ಶಾಫ್ಟ್ ಬಾಗಿಲು ಒಮ್ಮೆ ತೆಗೆದು ನೋಡಿ

ಸಂಪಾದಕರೇ,

ನಾನು ಬೆಂಗಳೂರಿನ ಆರು ಮಹಡಿಯ ಆಫೀಸ್ ಕಟ್ಟಡವೊಂದರ ಫೆಸಿಲಿಟಿ ಮ್ಯಾನೇಜರ್. ಲಿಫ್ಟ್ ನಿಂತರೂ, ಟ್ಯಾಂಕ್ ಖಾಲಿಯಾದರೂ, ಕರೆಂಟ್ ಹೋಗಿ ಜನರೇಟರ್ ಎರಡು ನಿಮಿಷ ತಡವಾದರೂ ಫೋನ್ ಬರುವುದು ನನಗೇ. ಎಲ್ಲ ಮಹಡಿಗೂ ಕೇಬಲ್ ಹಾಯುವ ಉದ್ದನೆಯ ಕೊಳವೆಯಂಥ ಜಾಗ, ಅಂದರೆ ಎಲೆಕ್ಟ್ರಿಕಲ್ ಶಾಫ್ಟ್ ಬಗ್ಗೆ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಕಳೆದ ತಿಂಗಳು ಮೂರನೇ ಮಹಡಿಗೆ ಹೊಸ ಬಾಡಿಗೆದಾರರು ಬಂದರು. ಬೇಸ್‌ಮೆಂಟ್ ಪ್ಯಾನೆಲ್‌ನಿಂದ ಹೊಸ ಕೇಬಲ್ ಎಳೆಸಿದೆವು. ಕಂಟ್ರಾಕ್ಟರ್ ಲೈಸೆನ್ಸ್ ಇದ್ದವರೇ. ಕೇಬಲ್ ಇನ್ಸುಲೇಶನ್ ಸರಿಯಿದೆಯಾ ಅಂತ ನೋಡುವ ಮೆಗ್ಗರ್ ಟೆಸ್ಟ್ ಆಯಿತು, ಬಿಲ್ಲೂ ಬಂತು. ಸಹಿ ಹಾಕುವ ಮುಂಚೆ ಸುಮ್ನೆ ಶಾಫ್ಟ್ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಕೇಬಲ್ ಹಾಯುವ ಕಡೆ ಸ್ಲ್ಯಾಬಿನಲ್ಲಿ ತಲೆ ತೂರುವಷ್ಟು ದೊಡ್ಡ ತೂತು. ಅದಕ್ಕೆ ತುರುಕಿದ್ದು ಒಂದು ಗೋಣಿಚೀಲ, ಎರಡು ತುಂಡು ಥರ್ಮೋಕೋಲ್! ಪಕ್ಕದಲ್ಲೇ ಹೌಸ್‌ಕೀಪಿಂಗ್‌ನವರ ಮಾಪ್, ಅರ್ಧ ಡಬ್ಬಿ ಪೇಂಟ್ ಥಿನ್ನರ್. ತೂತಿನ ಬಗ್ಗೆ ಕಂಟ್ರಾಕ್ಟರನ್ನು ಕೇಳಿದರೆ "ಸಾರ್, ತೂತು ಸೀಲ್ ಮಾಡೋದು ನಮ್ಮ ಸ್ಕೋಪ್‌ನಲ್ಲಿ ಇಲ್ಲ" ಅಂದರು. ಕೊಟೇಶನ್ ತೆಗೆದು ನೋಡಿದೆ, ನಿಜವೇ. ಕೇಬಲ್ ಮೀಟರಿಗಿಷ್ಟು, ಕೇಬಲ್ ತುದಿಗೆ ಹಾಕುವ ಗ್ಲ್ಯಾಂಡ್, ಲಗ್ ಒಂದಕ್ಕಿಷ್ಟು ಅಂತ ಇತ್ತು, ತೂತು ಮುಚ್ಚುವ ಸಾಲೇ ಇರಲಿಲ್ಲ. ಕಡಿಮೆ ರೇಟು ಅಂತ ಅದನ್ನು ಪಾಸ್ ಮಾಡಿದವನು ನಾನೇ.

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿ ಬೆಂಕಿ ಹತ್ತಿದ್ದು ಇಂಥದ್ದೇ ಎಲೆಕ್ಟ್ರಿಕಲ್ ಡಕ್ಟ್‌ನಲ್ಲಿ. ಹೊಗೆ ಮಹಡಿಗಳನ್ನು ತುಂಬಿಕೊಂಡಿತು, ಉಸಿರಾಡಲಾಗದೆ ಕೆಲವರು ಕಿಟಕಿಯಿಂದಲೇ ಹಾರಿದರು. ಪಿವಿಸಿ ಕೇಬಲ್ ಸುಟ್ಟರೆ ಬರುವ ಕಪ್ಪು ಹೊಗೆಯಲ್ಲಿ ಗಂಟಲು ಸುಡುವ ಆಸಿಡ್ ಅನಿಲ ಇರುತ್ತದೆ, ಮುಚ್ಚದ ಶಾಫ್ಟ್ ಅದಕ್ಕೆ ಒಳ್ಳೇ ಚಿಮಣಿ. ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕು ಅಂತ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ. ಕಟ್ಟಡ ಕಟ್ಟಿದಾಗ ಮುಚ್ಚಿರುತ್ತಾರೆ ಕೂಡ. ಆಮೇಲೆ ಬಾಡಿಗೆದಾರರು ಬದಲಾದಾಗಲೆಲ್ಲ ಯಾರೋ ಒಡೆದು ಕೇಬಲ್ ಎಳೆಯುತ್ತಾರೆ, ಮತ್ತೆ ಮುಚ್ಚುವುದು ಯಾರ ಕೆಲಸವೂ ಆಗಿರುವುದಿಲ್ಲ, ಅಲ್ವಾ?

ಅದಕ್ಕೇ ನನ್ನಂಥವರಿಗೆ, ಕಟ್ಟಡದ ಮಾಲೀಕರಿಗೆ ಒಂದು ಮಾತು. ವರ್ಕ್ ಆರ್ಡರ್‌ನಲ್ಲೇ ಫೈರ್ ಸೀಲಿಂಗ್‌ಗೆ (ತೂತು ಮುಚ್ಚುವ ಕೆಲಸಕ್ಕೆ) ಬೇರೆ ಸಾಲು, ಬೇರೆ ರೇಟು ಹಾಕಿ. ಬೆಂಕಿ ತಡೆಯುವ ಗಾರೆ (ಫೈರ್ ಮಾರ್ಟರ್), ಸಂದು ಮುಚ್ಚುವ ಸೀಲಂಟ್ ಖರ್ಚು ಕೇಬಲ್ ಬಿಲ್ಲಿನ ಮುಂದೆ ಏನೂ ಅಲ್ಲ. ಮಹಡಿ ಮಹಡಿಗೂ ಮುಂಚಿನ, ಆಮೇಲಿನ ಫೋಟೋ ಕೊಡುವ ತನಕ ಕೊನೆಯ ಕಂತು ಬಿಡಬೇಡಿ. ಇಂಟರ್‌ನೆಟ್ ಕೇಬಲ್‌ನವರಿಗೂ ಇದೇ ನಿಯಮ ಇರಲಿ, ಅವರಂತೂ ಹೇಳದೆ ಕೇಳದೆ ಡ್ರಿಲ್ ಹಿಡಿದು ಬರುತ್ತಾರೆ.

ಮರುದಿನ ಉಳಿದ ಮಹಡಿಗಳನ್ನೂ ನೋಡಿದೆ. ಐದನೆಯದರಲ್ಲಿ ಮಾತ್ರ ಹಳೇ ಸೀಲ್ ಗಟ್ಟಿಯಾಗಿತ್ತು. ಆ ಮಹಡಿಗೆ ಬಾಡಿಗೆದಾರರು ಇನ್ನೂ ಬಂದಿಲ್ಲ.

— ಒಬ್ಬ ಫೆಸಿಲಿಟಿ ಮ್ಯಾನೇಜರ್, ಬೆಂಗಳೂರು