ಜಿಲ್ಲಾಧಿಕಾರಿಗಳೇ, ಸಹಿ ಹಾಕುವ ಮೊದಲು ನಮ್ಮ ತೋಟದಲ್ಲೊಮ್ಮೆ ನಿಂತು ನೋಡಿ

ಮಾನ್ಯ ಉಡುಪಿ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹಿರಿಯಡ್ಕದ ಬದಿಯ ನಮ್ಮ ಊರಿನಲ್ಲಿ ಒಂದು ಹಳೇ ಕೆಂಪುಕಲ್ಲಿನ ಕೋರೆ ಇದೆ. ಕಲ್ಲು ತೆಗೆಯುವುದು ನಿಂತು ವರ್ಷಗಳೇ ಆದವು. ಅದನ್ನು ಕೊಂಡುಕೊಂಡ ನೆರೆಯವರು ಈಗ ಅಲ್ಲಿ ಖಾಸಗಿ ಶೂಟಿಂಗ್ ರೇಂಜ್, ಅಂದರೆ ಗುರಿಯಿಟ್ಟು ಗುಂಡು ಹೊಡೆಯುವ ಜಾಗ, ಕಟ್ಟಿಸುತ್ತಿದ್ದಾರೆ. ಜೆಸಿಬಿ ಬಂದು ನೆಲ ಸಮ ಮಾಡಿ ಹೋಗಿದೆ. ಗುಂಡು ಹೊಡೆಯುವವರಿಗೆ ಶೀಟಿನ ಮಾಡು ಎದ್ದಿದೆ. ಅಲ್ಲಿಂದ 50 ಮೀಟರ್ ಆಚೆ, ಕೋರೆಯ ಗೋಡೆಯ ಬುಡದಲ್ಲಿ, ಗುರಿಹಲಗೆಗೆ ಕಂಬ ನಿಲ್ಲಿಸಿದ್ದಾರೆ. ಆ ಗೋಡೆಯ ಮೇಲಂಚಿನಿಂದಲೇ ನಮ್ಮ ಅಡಿಕೆ ತೋಟ ಶುರು.

ನಾವು ಅವರ ಹತ್ತಿರ ಹೋಗಿ ಮಾತಾಡಿದ್ದೇವೆ. ಅವರು ಕೆಟ್ಟವರಲ್ಲ, ಕೂರಿಸಿ ಚಾ ಕೊಟ್ಟೇ ಮಾತಾಡಿದರು. ಮೊದಲು ಪಾಯಿಂಟ್ 22 ರೈಫಲ್, ಆಮೇಲೆ 12 ಬೋರಿನ ಕೋವಿ ತರುವ ಯೋಚನೆ ಇದೆಯಂತೆ. "ಎರಡು ಆಳೆತ್ತರದ ಕಲ್ಲಿನ ಗೋಡೆ ಇದೆ, ಗುಂಡು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮ ಉತ್ತರವನ್ನು ನಿಮಗೆ ಹೇಳಬೇಕಾಗಿದೆ. ಲೈಸೆನ್ಸಿನ ಫೈಲು ಬಂದು ಕೂರುವುದು ನಿಮ್ಮ ಮೇಜಿನ ಮೇಲೆ.

ಕೋವಿ ನಮಗೇನೂ ಹೊಸದಲ್ಲ. ಈ ಕಡೆ ಎಷ್ಟೋ ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಠೇವಣಿ ಇಟ್ಟು ಬರುತ್ತೇವೆ. ಈಡು ಹೊಡೆಯುವ ಮೊದಲು ಚರೆ (ಕೋವಿಯ ತೋಟೆಯೊಳಗಿನ ಸೀಸದ ಸಣ್ಣ ಗುಂಡುಗಳು) ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡು ಎಂದೇ ಹಿರಿಯರು ಕಲಿಸಿದ್ದು. ಹಾಗಾಗಿ ಕೋವಿ ಕಂಡರೇ ಹೆದರುವವರು ನಾವಲ್ಲ. ಈ ಜಾಗ ನೋಡಿ ಹೆದರಿದ್ದೇವೆ.

ಲೆಕ್ಕ ತುಂಬಾ ಸುಲಭ. ಒಂದು ಮೀಟರ್ ಉದ್ದದ ರೈಫಲಿನ ಮೂತಿ ಬರೀ 5 ಸೆಂಟಿಮೀಟರ್ ಮೇಲೆದ್ದರೆ ಸಾಕು, 50 ಮೀಟರ್ ದೂರಕ್ಕೆ ಹೋಗುವಾಗ ಗುಂಡು ಎರಡೂವರೆ ಮೀಟರ್ ಮೇಲೇರಿರುತ್ತದೆ. ಗುರಿಹಲಗೆಯ ಮೇಲೆ ಗೋಡೆ ಉಳಿಯುವುದೇ ಹೆಚ್ಚುಕಡಿಮೆ ಅಷ್ಟು. ಕಲಿಯಲು ಬಂದ ಹುಡುಗನ ಕೈ ಅಷ್ಟು ಅಲುಗದೇ ಇರುತ್ತದಾ? ಪಾಯಿಂಟ್ 22 ಎಂದರೆ ಚಿಕ್ಕ ಗುಂಡು, ನಿಜ. ಆದರೆ ಮೇಲ್ಮುಖವಾಗಿ ಹಾರಿದರೆ ಅದು ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿಲೋಮೀಟರ್ ಹೋಗಬಲ್ಲದು. ಅಷ್ಟರೊಳಗೆ ನಮ್ಮಲ್ಲಿ ಅಂಗನವಾಡಿ, ಬಸ್ ಸ್ಟ್ಯಾಂಡು, ಹಾಲಿನ ಡಿಪೋ ಎಲ್ಲವೂ ಬರುತ್ತವೆ.

ಅದಕ್ಕಿಂತಲೂ ಹತ್ತಿರದ ಭಯ ಒಂದಿದೆ. ಅಡಿಕೆ ಮರ 40–50 ಅಡಿ ಎತ್ತರ ಇರುತ್ತದೆ. ನೆಲದಲ್ಲಿ ನಿಂತೇ ಕೊಯ್ಯುವ ಉದ್ದದ ಫೈಬರ್ ದೋಟಿ ಬಂದ ಮೇಲೂ ನಮ್ಮಲ್ಲಿ ಕೊಯ್ಲಿಗೆ, ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೆ ಮರ ಹತ್ತುವವರು ಇದ್ದಾರೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಮೇಲೇರಿದವನು ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಾನೆ. ಎರಡೂ ಕೈಗೆ ಕೆಲಸ. ಬೊಬ್ಬೆ ಕೇಳಿದ ಕೂಡಲೇ ಇಳಿದು ಓಡಲು ಅವನಿಗೆ ಆಗುವುದಿಲ್ಲ. ಕೋರೆ ಬದಿಯ ಸಾಲಿನ ಮರ ಹತ್ತಿದವರು ಹೇಳಿದ್ದು ಇಷ್ಟು: ಅಲ್ಲಿಂದ ಆ ಶೀಟಿನ ಮಾಡು ಪೂರ್ತಿ ಕಾಣುತ್ತದೆ. ಕಣ್ಣಿಗೆ ಅಡ್ಡ ಏನೂ ಇಲ್ಲ ಎಂದ ಮೇಲೆ ಗುಂಡಿಗೂ ಅಡ್ಡ ಇಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ಗೋಡೆ ಎತ್ತರ ಅನಿಸುತ್ತದೆ. ನಮ್ಮ ಮರದ ತುದಿಯಿಂದ ನೋಡಿದರೆ ಅಲ್ಲಿ ಗೋಡೆಯೇ ಇಲ್ಲ.

ಇನ್ನು ಆ ಕಲ್ಲು. ಕೆಂಪುಕಲ್ಲು ಕಡಿಯುವಾಗ ಮೆತ್ತಗೆ ಇರುತ್ತದೆ, ಬಿಸಿಲು ಗಾಳಿ ತಾಗಿದ ಹಾಗೆ ಗಟ್ಟಿಯಾಗುತ್ತದೆ. ಇಷ್ಟು ವರ್ಷ ತೆರೆದು ಬಿದ್ದ ಗೋಡೆ ಅದು. ಗುಂಡು ತಡೆಯಲು ಬೇಕಾದದ್ದು ಕಲ್ಲಿಲ್ಲದ ಮೆತ್ತನೆ ಮಣ್ಣಿನ ದಿಬ್ಬ. ಗಟ್ಟಿ ಕಲ್ಲಿಗೆ ಬಡಿದ ಗುಂಡು ಚೂರಾಗಿ ಸಿಡಿಯುತ್ತದೆ, ಇಲ್ಲವೇ ದಿಕ್ಕು ಬದಲಿಸಿ ಹಾರುತ್ತದೆ. ಹೊಡೆಯುವವರಿಗೂ ಅಪಾಯವೇ.

ನೀರಿನ ವಿಷಯ ಯಾರೂ ಎತ್ತುತ್ತಿಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಪಾಯಿಂಟ್ 22ರ ಒಂದು ಗುಂಡಿನಲ್ಲಿ ಸುಮಾರು 2.6 ಗ್ರಾಂ ಸೀಸ ಇರುತ್ತದೆ. ಸಾವಿರ ಗುಂಡು ಹೊಡೆದರೆ ಎರಡೂವರೆ ಕಿಲೋ. 12 ಬೋರಿನ ಒಂದೇ ತೋಟೆಯಲ್ಲಿ ಸುಮಾರು 30 ಗ್ರಾಂ ಚರೆ. ನಮ್ಮದು ಹುಳಿ ಮಣ್ಣು, ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಹುಳಿ ಮಣ್ಣಿನಲ್ಲಿ ಸೀಸ ಬೇಗ ಕರಗುತ್ತದೆ. ಮಳೆಗಾಲದಲ್ಲಿ ಕೋರೆಯಲ್ಲಿ ನೀರು ತುಂಬುತ್ತದೆ, ಕೆಂಪುಕಲ್ಲಿನ ತೂತುಗಳಲ್ಲಿ ಇಂಗುತ್ತದೆ. ಸುತ್ತಲಿನ ಮನೆಗಳಲ್ಲಿ ಕುಡಿಯುವುದು ಬಾವಿಯ ನೀರು. ಮಕ್ಕಳ ಮೈಗೆ ಸೇರುವ ಸೀಸದಲ್ಲಿ ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಬಾವಿಗೆ ಇಳಿದ ಸೀಸವನ್ನು ತೆಗೆಯುವವರು ಯಾರು?

ಶೂಟಿಂಗ್ ಕ್ರೀಡೆಗೆ ನಾವು ಅಡ್ಡಿ ಮಾಡುತ್ತಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. 2024ರಲ್ಲಿ ಮನು ಭಾಕರ್ ಪದಕ ತಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದಕ್ಕೆ ನಾಲ್ಕು ಗೋಡೆ, ಒಂದು ಮಾಡು ಇರುವ ಹಾಲ್ ಸಾಕು. ನೆರೆಯವರು ಅಂಥದ್ದು ಕಟ್ಟಿಸಿದರೆ ನಮ್ಮ ಮಕ್ಕಳನ್ನೇ ಕಲಿಯಲು ಕಳಿಸುತ್ತೇವೆ. ಇದನ್ನು ಅವರಿಗೂ ಹೇಳಿದ್ದೇವೆ.

ಸರ್ಕಾರ ನಿಮ್ಮ ಕೈಗೆ ಅಧಿಕಾರ ಕೊಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ ಜಿಲ್ಲಾ ದಂಡಾಧಿಕಾರಿಯಾಗಿ ಲೈಸೆನ್ಸ್ ನೋಡುವವರು ನೀವು. ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಕೊಟ್ಟ ಕೋವಿ ಲೈಸೆನ್ಸು ಹತ್ತು ಜನರನ್ನು ಸೇರಿಸಿ ರೇಂಜ್ ನಡೆಸಲು ಕೊಟ್ಟ ಅನುಮತಿ ಅಲ್ಲ, ಅಲ್ವಾ? ಕೃಷಿ ಜಮೀನು ಬೇರೆ ಕೆಲಸಕ್ಕೆ ಬಳಸುವುದಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಇದೆ, ಅದೂ ನಿಮ್ಮ ಕಚೇರಿಯದ್ದೇ. ಅಜಾಗರೂಕತೆಯಿಂದ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಎಂದು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಆದರೆ ಆ ಕಲಂ ಕೆಲಸಕ್ಕೆ ಬರುವುದು ಅಪಾಯ ಎದುರಾದ ಮೇಲೆ. ನಮಗೆ ಮೊದಲೇ ಆಗುವ ಕೆಲಸ ಬೇಕು.

ಸ್ಥಳ ಪರಿಶೀಲನೆ ಆಗುವವರೆಗೆ ಈ ಕಾಮಗಾರಿ ನಿಲ್ಲಿಸಿ. ಪರಿಶೀಲನೆಗೆ ಪೊಲೀಸ್, ಕಂದಾಯ, ಪರಿಸರ ಇಲಾಖೆಯವರು ಒಟ್ಟಿಗೆ ಬರಲಿ. ರೇಂಜಿನ ಒಳಗೆ ಮಾತ್ರ ಸುತ್ತಿ ಹೋಗದೆ ಗೋಡೆಯ ಈಚೆಗೂ ಬರಲಿ, ನಮ್ಮ ಮಾತನ್ನೂ ಬರೆದುಕೊಳ್ಳಲಿ. ಹತ್ತಿರದ ಬಾವಿಗಳ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾಳೆ ಏನಾದರೂ ಸಿಕ್ಕಿದಾಗ ಅದು ಮೊದಲೇ ಇತ್ತು ಎಂಬ ಮಾತು ಬರುತ್ತದೆ.

ಮಳೆ ಬಿಟ್ಟ ಮೇಲೆ ಕೊಯ್ಲು ಶುರುವಾಗುತ್ತದೆ. ಅದಕ್ಕೆ ಮೊದಲು ಬನ್ನಿ. ನಿಮ್ಮ ಕಚೇರಿ ಇರುವ ಮಣಿಪಾಲದ ರಜತಾದ್ರಿಯಿಂದ ಹಿರಿಯಡ್ಕ ದೂರ ಏನಲ್ಲ, ಜೀಪು ತೋಟದ ಒಳಗಿನವರೆಗೂ ಬರುತ್ತದೆ.

ಇಂತಿ,
ಕೋರೆಯ ಈಚೆ ಬದಿಯ ಕೃಷಿಕ