ತಂಗಿಗೆ: ಲೈಸೆನ್ಸ್ ಫೈಲ್ ಬಿಟ್ಟುಹೋಗಿದೆ

ಪ್ರೀತಿಯ ತಂಗಿ,

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ನೀನು ಕಳಿಸಿದ ಪ್ರೋಗ್ರಾಂ ಪೂರ್ತಿ ಓದಿದೆ, ಕೋಡ್ ಚೊಕ್ಕವಾಗಿದೆ. ಆದರೆ "ಯಾರು ಬೇಕಾದರೂ ಬಳಸಲಿ ಅಂತ ಲೈಸೆನ್ಸಿನ ಗೊಡವೆಗೇ ಹೋಗಲಿಲ್ಲ" ಅಂತ ಬರೆದಿದ್ದೀಯಲ್ಲ, ಎಡವಟ್ಟಾಗಿರುವುದು ಅಲ್ಲೇ. ಲೈಸೆನ್ಸ್ ಅಂದರೆ ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಅನುಮತಿ ಪತ್ರ. ಅದನ್ನು ಬರೆಯದೆ ಬಿಟ್ಟರೆ ಕಾಪಿರೈಟ್ ಕಾನೂನಿನ ಲೆಕ್ಕದಲ್ಲಿ ಎಲ್ಲ ಹಕ್ಕೂ ನಿನ್ನ ಹತ್ತಿರವೇ ಉಳಿಯುತ್ತದೆ. ಬೇರೆಯವರು ಓದಬಹುದು ಅಷ್ಟೇ. ತಿದ್ದಿ ಹಂಚುವ ಹಾಗಿಲ್ಲ. ಲಿನಕ್ಸ್ ತಂತ್ರಾಂಶಗಳನ್ನು ಒಟ್ಟುಮಾಡಿ ಹಂಚುವ ಡೆಬಿಯನ್‌ನವರು ಅಂಥ ಕೋಡನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ 'ಫ್ರೀ ಸಾಫ್ಟ್‌ವೇರ್' ಅನ್ನುತ್ತಾರೆ. ಪುಕ್ಕಟೆ, ಸ್ವತಂತ್ರ ಎರಡಕ್ಕೂ ಇಂಗ್ಲಿಷಿನಲ್ಲಿ 'ಫ್ರೀ' ಅನ್ನುವ ಒಂದೇ ಪದ ಇರುವುದರಿಂದ ಅವರಿಗೆ ಗೊಂದಲ. ನಮಗೆ ಎರಡು ಪದ ಇದ್ದೂ ನಾವು ಪುಕ್ಕಟೆ ಅಂತಲೇ ಹಿಡಿದುಕೊಂಡಿದ್ದೇವೆ! ಫ್ರೀ ಸಾಫ್ಟ್‌ವೇರ್ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಎಂಬತ್ತರ ದಶಕದಲ್ಲಿ ಈಮ್ಯಾಕ್ಸ್ ಎಡಿಟರನ್ನು ಟೇಪಿಗೆ ಹಾಕಿ 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ನಕಲು ಮಾಡಿ ಹಂಚಬಹುದಿತ್ತು, ಬೇಕಿದ್ದರೆ ಮಾರಲೂಬಹುದಿತ್ತು. ದುಡ್ಡು ತೆಗೆದುಕೊಂಡರೋ ಬಿಟ್ಟರೋ ಅನ್ನುವುದು ಇಲ್ಲಿ ವಿಷಯವೇ ಅಲ್ಲ.

ಪೂರ್ತಿ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆಯನ್ನು ಅವರು ಘೋಷಿಸಿದ್ದು 1983ರ ಸೆಪ್ಟೆಂಬರ್ 27ರಂದು. ಮರು ಜನವರಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೆಲಸವನ್ನೂ ಬಿಟ್ಟರು, ತಾನು ಬರೆದ ಕೋಡಿನ ಮೇಲೆ ಸಂಸ್ಥೆ ಹಕ್ಕು ಹೂಡಬಾರದು ಅಂತ. ಓಡಿಸುವುದು, ಓದಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನು ಹಂಚುವುದು: ಈ ನಾಲ್ಕು ಸ್ವಾತಂತ್ರ್ಯಗಳಿಗೆ ಅವರು ಕೊಟ್ಟ ಸಂಖ್ಯೆ 0ರಿಂದ 3. ಪ್ರೋಗ್ರಾಮರುಗಳ ಎಣಿಕೆ! ಅಸಲಿ ಜಾಣತನ ಇರುವುದು ಕಾಪಿಲೆಫ್ಟ್‌ನಲ್ಲಿ. ಕೋಡ್ ಬರೆದವರು ಅದರಲ್ಲಿ ಹೇಳುವುದು ಇಷ್ಟು: ಕಾಪಿರೈಟ್ ನನ್ನದು, ಆ ಹಕ್ಕಿನ ಬಲದಿಂದಲೇ ಹೇಳುತ್ತೇನೆ, ಇದನ್ನು ತಿದ್ದಿ ಹಂಚುವವರು ಇದೇ ಷರತ್ತಿನಲ್ಲಿ ಹಂಚಬೇಕು. ಮೊದಮೊದಲು ಈಮ್ಯಾಕ್ಸಿಗೊಂದು, ಜಿಸಿಸಿ ಕಂಪೈಲರಿಗೊಂದು ಅಂತ ಬೇರೆ ಬೇರೆ ಲೈಸೆನ್ಸ್ ಇದ್ದು ಒಂದರ ಕೋಡನ್ನು ಇನ್ನೊಂದಕ್ಕೆ ಸೇರಿಸಲು ತೊಡಕಾಗುತ್ತಿತ್ತು. ಅದಕ್ಕೇ 1989ರಲ್ಲಿ ಎಲ್ಲಕ್ಕೂ ಹೊಂದುವ ಜಿಪಿಎಲ್ (ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್) ಬಂತು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದಾಗ ಹಂಚಿಕೆಗೆ ಹಣ ಪಡೆಯಬಾರದು ಅನ್ನುವ ಷರತ್ತಿತ್ತು. 1992ರ ಆರಂಭದಲ್ಲಿ ಅದನ್ನು ಕೈಬಿಟ್ಟು ಜಿಪಿಎಲ್‌ಗೆ ಬಂದರು. 1998ರಲ್ಲಿ 'ಓಪನ್ ಸೋರ್ಸ್' ಅನ್ನುವ ಹೆಸರು ಹುಟ್ಟಿತು. 'ಫ್ರೀ' ಅನ್ನಬೇಕೋ 'ಓಪನ್' ಅನ್ನಬೇಕೋ ಅನ್ನುವ ಹೆಸರಿನ ಜಗಳ ಇನ್ನೂ ನಿಂತಿಲ್ಲ. ಎರಡೂ ಕಡೆಯವರು ಒಪ್ಪುವ ಲೈಸೆನ್ಸುಗಳು ಹೆಚ್ಚುಕಮ್ಮಿ ಒಂದೇ, ಆ ಜಗಳಕ್ಕೆ ನೀನು ಹೊತ್ತು ಕಳೆಯಬೇಡ.

ಈಗ ನಿನ್ನ ಕೆಲಸ. ನಿನ್ನ ಕೋಡನ್ನು ತಿದ್ದಿ ಹಂಚುವವರು ಸೋರ್ಸನ್ನೂ (ಮೂಲ ಕೋಡನ್ನೂ) ಕೊಡಲೇಬೇಕು ಅನ್ನಿಸಿದರೆ ಜಿಪಿಎಲ್ 3, ಹೆಸರು ಉಳಿಸಿಕೊಂಡರೆ ಸಾಕು ಅನ್ನಿಸಿದರೆ ಎಂಐಟಿ ಲೈಸೆನ್ಸ್, ಪೇಟೆಂಟ್ ಬಗ್ಗೆಯೂ ಲಿಖಿತ ಅನುಮತಿ ಇರಲಿ ಅಂದರೆ ಅಪಾಚೆ 2.0. ಲೈಸೆನ್ಸಿನ ಪೂರ್ತಿ ಪಠ್ಯವನ್ನು ಒಂದಕ್ಷರ ಬದಲಿಸದೆ ನಿನ್ನ ಪ್ರೋಗ್ರಾಂನ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ಹಾಕು. ಪ್ರತಿ ಫೈಲಿನ ತಲೆಯಲ್ಲಿ ಎಸ್‌ಪಿಡಿಎಕ್ಸ್ ಸಾಲು (ಲೈಸೆನ್ಸ್ ಯಾವುದು ಅಂತ ಚುಟುಕಾಗಿ ಹೇಳುವ ಗುರುತು), ವರ್ಷ, ನಿನ್ನ ಹೆಸರು ಬರೆ. ಬೇರೆಯವರ ಕೋಡ್ ಸೇರಿಸಿದ್ದರೆ ಹುಷಾರು: ಅಪಾಚೆ 2.0 ಕೋಡ್ ಜಿಪಿಎಲ್ 3ರ ಜೊತೆ ಹೊಂದುತ್ತದೆ, 'ಜಿಪಿಎಲ್ 2 ಮಾತ್ರ' ಅಂದಿರುವುದರ ಜೊತೆ ಹೊಂದುವುದಿಲ್ಲ. ನಾಲ್ಕು ಜನ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವ ಮೊದಲೇ ಇದನ್ನು ತೀರ್ಮಾನಿಸು. ಆಮೇಲೆ ಬದಲಿಸಬೇಕೆಂದರೆ ಪ್ರತಿಯೊಬ್ಬರ ಒಪ್ಪಿಗೆ ಬೇಕಾಗುತ್ತದೆ.

ಲಿನಕ್ಸ್ ಕರ್ನೆಲ್‌ಗೆ ಪ್ಯಾಚ್ ಕಳಿಸುವ ಆಸೆ ಇದೆ ಅಂದೆಯಲ್ಲ, ಅಲ್ಲಿ ಎಲ್ಲವೂ ಇಮೇಲ್‌ನಲ್ಲೇ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದಲ್ಲಿ ಕಮಿಟ್ ಮಾಡುವಾಗ (ಬದಲಾವಣೆಯನ್ನು ದಾಖಲಿಸುವಾಗ) 'ಮೈನಸ್ ಎಸ್' ಹಾಕಿದರೆ ಕೊನೆಗೆ 'ಸೈನ್ಡ್-ಆಫ್-ಬೈ' ಸಾಲು ಸೇರುತ್ತದೆ. ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ನೀನು ಕೊಡುವ ಮುಚ್ಚಳಿಕೆ ಅದು; 2003ರಲ್ಲಿ ಎಸ್‌ಸಿಒ ಕಂಪನಿ ತನ್ನ ಕೋಡನ್ನು ಲಿನಕ್ಸ್‌ಗೆ ಸೇರಿಸಿದ್ದಾರೆ ಅಂತ ಐಬಿಎಂ ವಿರುದ್ಧ ದಾವೆ ಹೂಡಿದ ಮೇಲೆ, 2004ರಲ್ಲಿ ಬಂದ ಪದ್ಧತಿ. ಆಮೇಲೆ 'ಗಿಟ್ ಫಾರ್ಮ್ಯಾಟ್-ಪ್ಯಾಚ್'ನಿಂದ ಪ್ಯಾಚ್ ಫೈಲ್ ಮಾಡಿಕೊಂಡು, ತಪ್ಪು ಹುಡುಕುವ 'ಚೆಕ್‌ಪ್ಯಾಚ್' ಓಡಿಸು. ಯಾರಿಗೆ ಕಳಿಸಬೇಕು ಅಂತ 'ಗೆಟ್ ಮೇಂಟೇನರ್' ಸ್ಕ್ರಿಪ್ಟೇ ಹೇಳುತ್ತದೆ. ಕಳಿಸುವುದು 'ಗಿಟ್ ಸೆಂಡ್-ಇಮೇಲ್'ನಿಂದಲೇ.

ಅದೇ ಯಾಕೆ? ಪ್ಯಾಚನ್ನು ಒಮ್ಮೆ ಬಿಚ್ಚಿ ನೋಡು. ಒಂದೇ ಸಾಲು ತಿದ್ದಿದ್ದರೂ ಅದರ ಮೇಲಿನ 3, ಕೆಳಗಿನ 3 ಸಾಲು ಜೊತೆಗಿರುತ್ತವೆ. ತೆಗೆದ ಸಾಲಿಗೆ ಮೈನಸ್, ಸೇರಿಸಿದ್ದಕ್ಕೆ ಪ್ಲಸ್, ಅಕ್ಕಪಕ್ಕದ ಸಾಲುಗಳ ಮುಂದೆ ಬರೀ ಒಂದು ಸ್ಪೇಸ್. ಆ ಅಕ್ಕಪಕ್ಕದ ಸಾಲುಗಳನ್ನು ತಾಳೆ ನೋಡಿಯೇ ಗಿಟ್ ಜಾಗ ಗುರುತಿಸುವುದು. ಮಾಮೂಲಿ ಮೇಲ್ ಪ್ರೋಗ್ರಾಂಗೆ ಅಂಟಿಸಿದರೆ ಅದು ಟ್ಯಾಬನ್ನು ಸ್ಪೇಸ್ ಮಾಡುತ್ತದೆ, ಉದ್ದದ ಸಾಲನ್ನು ಮುರಿಯುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಪ್ಯಾಚ್ ಮಾತ್ರ ಕೂರುವುದಿಲ್ಲ. ಆದ್ದರಿಂದ ಮೊದಲು ನಿನಗೇ ಕಳಿಸಿಕೊಂಡು, ಬಂದ ಇಮೇಲನ್ನು 'ಗಿಟ್ ಎಎಂ'ನಿಂದ ಬೇರೆ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ಹಚ್ಚಿ ನೋಡು.

ಉತ್ತರದಲ್ಲಿ ತಿದ್ದುಪಡಿ ಕೇಳಿದರೆ ಸಿಟ್ಟಾಗಬೇಡ. ಅವರ ಮಾತಿನ ಕೆಳಗೇ ಉತ್ತರ ಬರೆ, ಮೇಲೆ ಬರೆಯುವುದು ಅಲ್ಲಿ ಅಸಭ್ಯ. 'ವಿ2' ಅಂತ ಗುರುತು ಹಾಕಿ ಮತ್ತೆ ಕಳಿಸು. ಏನು ಬದಲಾಯಿತು ಅನ್ನುವುದು ಪ್ಯಾಚಿನಲ್ಲಿರುವ ಮೂರು ಡ್ಯಾಶ್‌ಗಳ ಕೆಳಗಿರಲಿ, ಆಗ ಅದು ಇತಿಹಾಸಕ್ಕೆ ಸೇರುವುದಿಲ್ಲ. ಉತ್ತರವೇ ಬರದಿದ್ದರೆ ಕನಿಷ್ಠ ಒಂದು ವಾರ ಸುಮ್ಮನಿರು. ಹೊಸ ಆವೃತ್ತಿಗೆ ಕೋಡ್ ಸೇರಿಸಿಕೊಳ್ಳುವ ಎರಡು ವಾರದ ಅವಧಿ (ಮರ್ಜ್ ವಿಂಡೋ) ನಡೆಯುತ್ತಿದ್ದರೆ ಇನ್ನೂ ತಡೆದುಕೋ.

ತಾಳ್ಮೆಯ ಮಾತು ಬರೀ ಸೌಜನ್ಯಕ್ಕೆ ಹೇಳಿದ್ದಲ್ಲ. ಎಕ್ಸ್‌ಝಡ್ ಅನ್ನುವ ಫೈಲ್ ಕುಗ್ಗಿಸುವ ತಂತ್ರಾಂಶವನ್ನು ವರ್ಷಗಟ್ಟಲೆ ಹೆಚ್ಚುಕಮ್ಮಿ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪ್ಯಾಚ್ ತಡವಾಯಿತು, ಇನ್ನೊಬ್ಬರನ್ನು ಸೇರಿಸಿಕೊಳ್ಳಿ ಅಂತ ಅಪರಿಚಿತ ಹೆಸರುಗಳಿಂದ ಒತ್ತಡದ ಮೇಲ್‌ಗಳು ಬಂದವು. ಹಾಗೆ ಒಳಬಂದು ನಂಬಿಕೆ ಗಳಿಸಿದವರ ಕೈಯಿಂದಲೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿತು. ಅದನ್ನು ಚಾಲೂ ಮಾಡುವ ಸ್ಕ್ರಿಪ್ಟಿನ ಸಾಲುಗಳು ಬಿಡುಗಡೆಯ ಟಾರ್‌ಬಾಲ್‌ನಲ್ಲಿದ್ದವು (ಎಲ್ಲ ಫೈಲುಗಳನ್ನು ಸೇರಿಸಿ ಕಟ್ಟಿದ ಗಂಟು ಅದು), ಗಿಟ್‌ನಲ್ಲಿ ಇರಲಿಲ್ಲ. ದೂರದ ಕಂಪ್ಯೂಟರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಅಂತ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪ್ರೋಗ್ರಾಮರ್ ಅದನ್ನು ಬಯಲಿಗೆಳೆದದ್ದು 2024ರ ಮಾರ್ಚ್ 29ರಂದು. ನಿನ್ನ ಪ್ರೋಗ್ರಾಂ ಬಿಡುಗಡೆ ಮಾಡುವಾಗಲೂ ಟಾರ್‌ಬಾಲನ್ನು ಕೈಯಲ್ಲಿ ಕಟ್ಟಬೇಡ. ಗಿಟ್‌ನಲ್ಲಿ ಆ ಆವೃತ್ತಿಗೆ ಟ್ಯಾಗ್ (ಹೆಸರಿನ ಗುರುತು) ಹಾಕಿ 'ಗಿಟ್ ಆರ್ಕೈವ್'ನಿಂದ ತೆಗೆ.

ಲೈಸೆನ್ಸ್ ಫೈಲ್ ಹಾಕಿದ ಮೇಲೆ ಒಂದು ಸಾಲು ಬರೆ. ನಿನ್ನ ಮೊದಲ ಪ್ಯಾಚನ್ನು ಹಚ್ಚಿ ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಅಣ್ಣ