‘ಅವರು’ ತೆಗೆದು ‘ನೀವು’ ಹಾಕಿ ನೋಡು

ಪ್ರೀತಿಯ ತಮ್ಮನಿಗೆ,

ನಿನ್ನ ಮೇಷ್ಟ್ರ ಬಗ್ಗೆ ಬರೆದು ಕಳಿಸಿದ ಲೇಖನವನ್ನು ಮೂರು ಸಲ ಓದಿದೆ. ಅವರ ಮೇಲೆ ನಿನಗೆ ತುಂಬ ಪ್ರೀತಿ ಇದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಓದಿ ಮುಗಿಸಿದ ಮೇಲೂ ಆ ಮೇಷ್ಟ್ರು ನನ್ನ ಕಣ್ಣಿಗೆ ಕಾಣಲಿಲ್ಲ. ಜ್ಞಾನದ ಜ್ಯೋತಿ, ಬಾಳಿನ ದಾರಿದೀಪ, ಕಲ್ಲನ್ನು ಶಿಲ್ಪ ಮಾಡಿದ ಕೈ ಅಂತೆಲ್ಲ ಬರೆದಿದ್ದೀಯ. ಈ ಮಾತುಗಳನ್ನು ಯಾವ ಮೇಷ್ಟ್ರ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ? ನಿನಗೆ ಸಿಕ್ಕಿದ್ದು ಯಾವುದೋ ಮೇಷ್ಟ್ರಲ್ಲ. ಅವರೊಬ್ಬರೇ.

ಒಂದು ಕೆಲಸ ಮಾಡು. ಲೇಖನದಲ್ಲಿ ‘ಅವರು’ ಅಂತ ಇರುವ ಕಡೆಯೆಲ್ಲ ‘ನೀವು’ ಅಂತ ಹಾಕು. ಆಮೇಲೆ ಮೇಷ್ಟ್ರು ಎದುರಿಗೇ ಕೂತಿದ್ದಾರೆ ಅಂದುಕೊಂಡು ಗಟ್ಟಿಯಾಗಿ ಓದು. ‘ನೀವು ಜ್ಞಾನದ ಜ್ಯೋತಿ’ ಅಂತ ಅವರ ಮುಖ ನೋಡಿಕೊಂಡು ಹೇಳೋಕೆ ಆಗುತ್ತಾ? ನಾಲಿಗೆ ತಡವರಿಸುತ್ತದೆ. ಹಾಗೆ ತಡವರಿಸಿದ ಸಾಲನ್ನೆಲ್ಲ ಹೊಡೆದುಹಾಕು. ಗಂಟಲು ಕಟ್ಟಿಬಂದ ಸಾಲು ಒಂದೇ ಒಂದು ಇದ್ದರೂ ಸಾಕು, ಅದನ್ನು ಉಳಿಸಿಕೋ.

ಇದನ್ನು ನಾನು ಕಲಿತದ್ದು ಒಂದು ಕಾಗದದಿಂದ. ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂಗೆ 1957ರಲ್ಲಿ ನೊಬೆಲ್ ಬಂತು. ಆಗ ಅವನಿಗೆ 44 ವರ್ಷ. ಸುದ್ದಿಯ ಗದ್ದಲ ಸ್ವಲ್ಪ ಇಳಿದ ಮೇಲೆ, ನವೆಂಬರ್ 19ರಂದು, ತನ್ನ ಪ್ರೈಮರಿ ಶಾಲೆಯ ಮೇಷ್ಟ್ರು ಲೂಯಿ ಜರ್ಮೇನ್ ಅವರಿಗೆ ಒಂದು ಪುಟ್ಟ ಕಾಗದ ಬರೆದ. ಅದರ ಹಿಂದಿನ ಕಥೆ ನಿನಗೆ ಗೊತ್ತಿರಬೇಕು. ಕಮೂಗೆ ಒಂದು ವರ್ಷ ತುಂಬುವ ಮೊದಲೇ ಅಪ್ಪ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡ. ಅಮ್ಮನಿಗೆ ಓದು ಬರಹ ಇರಲಿಲ್ಲ, ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇರೆಯವರ ಮನೆ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು. ಹುಡುಗ ಬೇಗ ದುಡಿಮೆಗೆ ಹೋಗಲಿ ಅನ್ನುವುದು ಅಜ್ಜಿಯ ಹಟ. ಜರ್ಮೇನ್ ಮೇಷ್ಟ್ರು ಆ ಅಜ್ಜಿಯನ್ನು ಒಪ್ಪಿಸಿದರು. ಶಾಲೆ ಬಿಟ್ಟ ಮೇಲೆ ಪುಕ್ಕಟೆಯಾಗಿ ಪಾಠ ಹೇಳಿ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದರು. ಅಷ್ಟೇ ಅವರು ಮಾಡಿದ್ದು. ಆ ಅಷ್ಟೇ ಇಲ್ಲದಿದ್ದರೆ ಆ ಹುಡುಗನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಕಾಗದದಲ್ಲಿ ಕಮೂ ಹೇಳುವುದೂ ಇದನ್ನೇ. ಸುದ್ದಿ ಕೇಳಿದಾಗ ಅಮ್ಮನ ನಂತರ ಮೊದಲು ನೆನಪಾದದ್ದು ನೀವು ಅನ್ನುತ್ತಾನೆ. ಆ ಬಡ ಹುಡುಗನ ಕಡೆಗೆ ನೀವು ಚಾಚಿದ ಕೈ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅನ್ನುತ್ತಾನೆ. ಓದುವಾಗ ಆ ಕೈ ನನಗೆ ಕಾಣುತ್ತದೆ. ಆ ಹುಡುಗನೂ ಕಾಣುತ್ತಾನೆ.

ಮೇಷ್ಟ್ರು 1959ರ ಏಪ್ರಿಲ್‌ನಲ್ಲಿ ಅವನಿಗೊಂದು ಉದ್ದನೆಯ ಕಾಗದ ಬರೆದರು. ನನಗೆ ಅದೇ ಜಾಸ್ತಿ ಇಷ್ಟ. ತನ್ನ ಸತ್ಯವನ್ನು ತಾನೇ ಹುಡುಕಿಕೊಳ್ಳುವ ಹಕ್ಕು ಮಗುವಿಗಿದೆ, ಕೆಲಸದಲ್ಲಿದ್ದಷ್ಟು ದಿನ ನಾನು ಅದನ್ನು ಗೌರವಿಸಿದ್ದೇನೆ ಅಂತ ನಂಬಿದ್ದೇನೆ ಅನ್ನುತ್ತಾರೆ. ನೊಬೆಲ್ ಪಡೆದ ಶಿಷ್ಯನಿಗೆ ಬರೆಯುವಾಗಲೂ ‘ನಾನು ನಿನ್ನನ್ನು ರೂಪಿಸಿದೆ’ ಅನ್ನುವ ದನಿ ಅದರಲ್ಲಿಲ್ಲ. ಅದಾಗಿ ಒಂದು ವರ್ಷವೂ ಕಳೆದಿರಲಿಲ್ಲ, 1960ರ ಜನವರಿಯಲ್ಲಿ ಕಮೂ ಕಾರು ಅಪಘಾತದಲ್ಲಿ ತೀರಿಕೊಂಡ. ಅವರಿಬ್ಬರೂ ಹೇಳಬೇಕಾದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರಲ್ಲ ಅಂತ ನನಗೆ ಸಮಾಧಾನ.

ನಮ್ಮ ಕುವೆಂಪು ಅವರಿಗೆ ಆ ಅವಕಾಶ ಸಿಗಲಿಲ್ಲ. ಅವರ ಗುರು ಟಿ. ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ‘ಶ್ರೀ ರಾಮಾಯಣ ದರ್ಶನಂ’ ಬರೆದು ಮುಗಿದದ್ದು 1946ರಲ್ಲಿ. ಆದರೂ ಅರ್ಪಣೆಯ ಪದ್ಯ ತೆಗೆದು ಓದು. ಇಲ್ಲದ ಗುರುವನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾತಾಡುತ್ತಾರೆ. ಇಗೋ, ಮುಗಿಸಿ ತಂದಿದ್ದೇನೆ ಅನ್ನುತ್ತಾರೆ. ಶಾಲೆಯ ಹುಡುಗ ನೋಟ್‌ಬುಕ್ ಹಿಡಿದು ಮೇಷ್ಟ್ರ ಮೇಜಿನ ಹತ್ತಿರ ಬಂದ ಹಾಗೆ. ಅಷ್ಟು ದೊಡ್ಡ ಕಾವ್ಯ ಬರೆದವರಿಗೂ ಅದನ್ನು ತೋರಿಸಲು ಒಬ್ಬ ಮೇಷ್ಟ್ರು ಬೇಕಿತ್ತು. ಪ್ರತಿ ಸಲ ಓದಿದಾಗಲೂ ನನ್ನ ಕಣ್ಣು ಒದ್ದೆಯಾಗುತ್ತದೆ.

ನನ್ನ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ ನಮಗೊಬ್ಬರು ಕನ್ನಡ ಮೇಡಂ ಇದ್ದರು. ಮಳೆಯ ಮೇಲೆ ನಾನೊಂದು ಪ್ರಬಂಧ ಬರೆದಿದ್ದೆ. ಎಲ್ಲೋ ಓದಿದ ಚಂದದ ಮಾತುಗಳನ್ನೆಲ್ಲ ಅದರಲ್ಲಿ ಸುರಿದಿದ್ದೆ. ಮೇಡಂ ಬೈಯಲಿಲ್ಲ. ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಇದು ನೀನು ಕಂಡಿದ್ದಾ?’ ಅಂತ ಸಣ್ಣಕ್ಷರದಲ್ಲಿ ಬರೆದು ಕೊಟ್ಟರು. ನಾನು ಕಂಡಿರಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಬರೆದ ಪ್ರತಿ ಪುಟದ ಅಂಚಿನಲ್ಲಿ ಆ ಪ್ರಶ್ನೆ ಇದೆ. ನಿನ್ನ ಲೇಖನ ಓದುವಾಗಲೂ ಇತ್ತು. ಈಗ ನಾನು ನಿನ್ನನ್ನು ಕೇಳುತ್ತಿರುವುದು ಅವರದೇ ಪ್ರಶ್ನೆ.

ಅವರಿಗೆ ಇದನ್ನು ನಾನು ಹೇಳಲೇ ಇಲ್ಲ. ಒಂದು ಪುಸ್ತಕ ಬರಲಿ, ತಗೊಂಡು ಹೋಗಿ ಕೊಡೋಣ ಅಂದುಕೊಂಡೆ. ಪುಸ್ತಕ ಬಂತು. ಇನ್ನೊಂದು ಚೆನ್ನಾಗಿರೋದು ಬರಲಿ ಅಂದುಕೊಂಡೆ. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಇದನ್ನು ಬರೆಯುವಾಗಲೂ ಎದೆ ಭಾರವಾಗುತ್ತದೆ.

ಇನ್ನೊಬ್ಬ ಮೇಷ್ಟ್ರೂ ನನ್ನೊಳಗೆ ಉಳಿದಿದ್ದಾರೆ. ನಾನು ಪದ್ಯ ಓದಿದಾಗ ಇಡೀ ಕ್ಲಾಸಿನ ಎದುರು ನನ್ನ ದನಿಯನ್ನು ಅಣಕಿಸಿದವರು. ಬಹಳ ವರ್ಷ ನಾನು ಬರೆದದ್ದನ್ನು ಯಾರ ಮುಂದೆಯೂ ಓದಲಿಲ್ಲ. ಅವರಿಗೆ ಅದು ಆವತ್ತೇ ಮರೆತುಹೋಗಿರಬಹುದು. ಮೇಡಂಗೂ ಆ ಪೆನ್ಸಿಲ್ ಗೆರೆ ನೆನಪಿರಲಿಕ್ಕಿಲ್ಲ. ಎರಡೂ ಒಂದೇ ನಿಮಿಷದ ಮಾತು ನೋಡು. ಹಾಗಾಗಿ ಮೇಷ್ಟ್ರ ಬಗ್ಗೆ ಬರೆಯುವಾಗ ಅವರ ಇಡೀ ಜೀವನ ಹೇಳೋಕೆ ಹೋಗಬೇಡ. ಆ ಒಂದು ನಿಮಿಷವನ್ನು ಹುಡುಕು. ಅವತ್ತು ಎಲ್ಲಿ ಕೂತಿದ್ದೆ, ಅವರು ಏನು ಅಂದರು, ನೀನು ಏನು ಮಾಡಿದೆ, ಅದನ್ನು ಬರೆ. ಅದು ನಿನ್ನಲ್ಲಿ ಇನ್ನೂ ಹೇಗೆ ಉಳಿದಿದೆ ಅಂತ ಸುಮ್ನೆ ವಿವರಿಸಬೇಡ. ಓದುವವರಿಗೆ ಗೊತ್ತಾಗುತ್ತದೆ.

ಆ ನಿಮಿಷ ನಿನ್ನ ಲೇಖನದಲ್ಲಿ ಆಗಲೇ ಇದೆ. ನಾಲ್ಕನೇ ಪುಟದ ಕೊನೆಯಲ್ಲಿ, ಒಂದೇ ಒಂದು ಸಾಲು. ಉತ್ತರ ಗೊತ್ತಿಲ್ಲದೆ ನೀನು ಎದ್ದು ನಿಂತಾಗ ಮೇಷ್ಟ್ರು ನಿನ್ನನ್ನು ದಿಟ್ಟಿಸಲಿಲ್ಲ, ಕಿಟಕಿಯ ಕಡೆ ತಿರುಗಿ ಕಾದರು ಅಂತ ಬರೆದಿದ್ದೀಯ. ನಿನಗೆ ನಾಚಿಕೆ ಆಗದಿರಲಿ ಅಂತ ಅವರು ಕಣ್ಣು ಆಚೆ ಹಾಕಿದರು. ಅಲ್ಲಿ ನನಗೆ ನಿನ್ನ ಮೇಷ್ಟ್ರು ಕಂಡರು. ಎಷ್ಟು ಹೊತ್ತು ಕಾದರು? ಬೇರೆ ಹುಡುಗರು ಏನು ಮಾಡುತ್ತಿದ್ದರು? ಕೊನೆಗೆ ಉತ್ತರ ಹೇಳಿದೆಯಾ?

ಆ ಕಿಟಕಿಯಿಂದ ಶುರು ಮಾಡಿ ಮತ್ತೆ ಬರೆ. ಅವರ ವಿಳಾಸ ನಿನ್ನ ಹತ್ತಿರ ಇದೆ ಅಂದಿದ್ದೆಯಲ್ಲ. ಮೊದಲ ಪ್ರತಿ ಅವರಿಗೆ ಹೋಗಲಿ. ನನಗೆ ಆಮೇಲೆ ಕಳಿಸಿದರೂ ಆಯ್ತು.

ಪ್ರೀತಿಯಿಂದ,
ನಿನ್ನ ಅಣ್ಣ